ಒಂದು ಲೋಟ ಕಾಫಿಯ ಹಕ್ಕು

೧೯೬೦ನೆಯ ಇಸವಿ ಫೆಬ್ರವರಿ ೧ನೆಯ ತಾರೀಖು. ಅಮೇರಿಕದ ಉತ್ತರ ಕ್ಯಾರೊಲಿನಾ ಸಂಸ್ಥಾನದ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ ನಾಲ್ವರು ಕಾಲೇಜು ಹುಡುಗರು ವುಲ್‌ವರ್ತ್ ಎಂಬ ದೊಡ್ಡ ಅಂಗಡಿಗೆ ಹೋದರು. ಹಲ್ಲುಜ್ಜುವ ಪೇಸ್ಟು ಮೊದಲಾದ ಚಿಲ್ಲರೆ ಸಾಮಾನು ಕೊಂಡು ಹಣ ಕೊಟ್ಟರು. ಅನಂತರ ಅದೇ ಅಂಗಡಿಯ ಉಪಾಹಾರದ ಕೌಂಟರಿನ ಮುಂದೆ ಕುಳಿತು ಕಾಫಿ ಕೇಳಿದರು. ಕಾಫಿ ಬರಲಿಲ್ಲ. ಹುಡುಗರು ಕಪ್ಪು ಜನ; ಆ ಕೌಂಟರು ಬಿಳಿಯರಿಗೆ ಮೀಸಲು. ಪೇಸ್ಟಿಗೆ ಅವರು ಕೊಟ್ಟ ಹಣ ಅಂಗಡಿಗೆ ಮೈಲಿಗೆಯಾಗಿರಲಿಲ್ಲ. ಅವರು ಕುಳಿತುಕೊಳ್ಳುವುದು ಮಾತ್ರ ಮೈಲಿಗೆ! ಹುಡುಗರು ಜಗಳವಾಡಲಿಲ್ಲ, ಎದ್ದೂ ಹೋಗಲಿಲ್ಲ. ಅಂಗಡಿಯ ಬಾಗಿಲು ಹಾಕುವವರೆಗೆ ಸುಮ್ಮನೆ ಕುಳಿತಿದ್ದು, ಮರುದಿನ ಇನ್ನಷ್ಟು ಗೆಳೆಯರನ್ನು ಕರೆದುಕೊಂಡು ಬಂದರು.

ಈ ಸಂಗತಿಯ ತಿರುಳು ಮುಂಬಯಿಯ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹೋಟೆಲಿನಲ್ಲಿಯೇ ಮೊದಲ ಅನ್ನ ಕಂಡವರು. ಹಗಲು ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಕಾಫಿ ಕೊಡುವುದೆಂದರೇನು, ಕೊಡುವುದಿಲ್ಲವೆಂದರೇನು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಆದುದರಿಂದ ಅಮೇರಿಕದ ನಾಗರಿಕ ಹಕ್ಕುಗಳ ಚಳವಳಿಯನ್ನು ಈ ಒಂದು ಲೋಟ ಕಾಫಿಯ ಕಡೆಯಿಂದ ನೋಡುವುದು ನಮಗೆ ತಕ್ಕುದಾಗಿದೆ. ಹಾಗೆ ನೋಡುತ್ತ ಹೋದರೆ ಆ ದೂರದ ಕಥೆಯೊಳಗೆ ನಮ್ಮ ಮಂಗಳೂರು, ನಮ್ಮ ಮಲೆನಾಡು, ನಮ್ಮ ಮುಂಬಯಿಗಳು ಕಾಣಸಿಗುತ್ತವೆ.

ಅಮೇರಿಕದಲ್ಲಿ ಗುಲಾಮಗಿರಿ ೧೮೬೫ರಲ್ಲಿ ಕಾಯಿದೆಯಿಂದ ರದ್ದಾಯಿತು. ಆದರೆ ದಕ್ಷಿಣದ ಸಂಸ್ಥಾನಗಳು ಬೇರೆ ದಾರಿ ಹುಡುಕಿದವು. ‘ಬೇರೆಯಾಗಿದ್ದರೂ ಸಮಾನವಾಗಿದ್ದರೆ ಸಾಕು’ ಎಂಬ ನ್ಯಾಯವನ್ನು ೧೮೯೬ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಬೇರೆಯಾಗಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಸಮಾನವಾಗಿಸುವುದರಲ್ಲಿ ಯಾರೂ ತೋರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ೧೯೫೪ರ ಮೇ ೧೭ರಂದು ಅದೇ ಕೋರ್ಟು, ಶಾಲೆಗಳಲ್ಲಿ ಮಕ್ಕಳನ್ನು ಬೇರೆಯಾಗಿಸುವುದೇ ಅಸಮಾನತೆ ಎಂದು ತೀರ್ಪಿತ್ತ ಮೇಲೆ ಈ ಕಟ್ಟಡ ಅಲುಗಾಡತೊಡಗಿತು.

ಅದಕ್ಕೂ ಹದಿಮೂರು ವರ್ಷ ಮೊದಲೇ ನಮ್ಮ ನಾಡಿನ ಹೆಣ್ಣುಮಗಳೊಬ್ಬಳು ಈ ಕಟ್ಟಡಕ್ಕೆ ಎದುರು ನಿಂತಿದ್ದುದು ಬಹಳ ಮಂದಿಗೆ ತಿಳಿಯದು. ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಇದೇ ಮುಂಬಯಿಯ ಶೇರುಪೇಟೆಗೆ ಹೋಗಿ ಉಪ್ಪಿನ ಪೊಟ್ಟಣ ಮಾರಿದ ಧೀರೆ. ೧೯೪೧ರಲ್ಲಿ ಅವರು ಅಮೇರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಗಾಡಿ ಲೂಯಿಸಿಯಾನಾ ಸಂಸ್ಥಾನ ತಲಪುತ್ತಿದ್ದಂತೆ, ಟಿಕೇಟು ನೋಡುವವನು ಬಂದು ಬಿಳಿಯರ ಡಬ್ಬಿಯಿಂದ ಏಳುವಂತೆ ಹೇಳಿದನು. ಅವರು ಏಳಲಿಲ್ಲ. ಸೀರೆಯುಟ್ಟ ಹೆಂಗಸನ್ನು ಕಂಡು ಅವನಿಗೆ ಅನುಮಾನ ಬಂದಿರಬೇಕು. ಯಾವ ದೇಶದವರೆಂದು ವಿಚಾರಿಸಿದನು. ಭಾರತದಿಂದ ಬಂದ ಗಣ್ಯ ಅತಿಥಿ ಎಂದಿದ್ದರೆ ಸೀಟು ಸುಲಭವಾಗಿ ಉಳಿಯುತ್ತಿತ್ತು. ಕಮಲಾದೇವಿಯವರು ಆ ಸುಲಭದ ದಾರಿ ಹಿಡಿಯಲಿಲ್ಲ. ತಾನೂ ಬಣ್ಣದ ಹೆಂಗಸೇ, ಇಲ್ಲಿಂದ ಕದಲುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಅವನು ಹೊರಟುಹೋದನು. ತನಗೊಬ್ಬಳಿಗೆ ದೊರೆಯಬಹುದಾಗಿದ್ದ ವಿನಾಯಿತಿಯನ್ನು ಬೇಡವೆಂದು, ಅವಮಾನಿತರ ಸಾಲಿನಲ್ಲಿ ತನ್ನ ಹೆಸರನ್ನೂ ಬರೆಸಿಕೊಂಡುದು ಇಲ್ಲಿನ ದೊಡ್ಡ ಮಾತು.

೧೯೫೫ರ ಡಿಸೆಂಬರ್ ೧ರಂದು ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿಯಲ್ಲಿ ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಎಂಬಾಕೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲೊಪ್ಪದೆ ಬಂಧಿತಳಾದಳು. ಆ ಊರಿನ ಕಪ್ಪು ಜನ ೩೮೧ ದಿನ ಬಸ್ಸು ಹತ್ತಲಿಲ್ಲ. ನಡೆದರು, ಒಬ್ಬರ ಕಾರಿನಲ್ಲಿ ನಾಲ್ವರು ಹೋದರು. ಕಡೆಗೆ ಕೋರ್ಟಿನಲ್ಲಿ ಗೆದ್ದರು. ಅವರ ಮುಂದಾಳು ೨೬ ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಈ ಸುದ್ದಿಯನ್ನು ಆಗ ನಾಗಪುರದಲ್ಲಿ ವೃತ್ತಪತ್ರಿಕೆಯಲ್ಲಿ ಓದಿ ಹಿಗ್ಗಿದ ಒಬ್ಬ ಕಪ್ಪು ತರುಣನಿದ್ದನು. ಆತನೇ ಜೇಮ್ಸ್ ಲಾಸನ್. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸಕ್ಕಿದ್ದು ಗಾಂಧೀಜಿಯ ಸತ್ಯಾಗ್ರಹ ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದ ಲಾಸನ್, ಸ್ವದೇಶಕ್ಕೆ ಮರಳಿ ನ್ಯಾಶ್ವಿಲ್ ನಗರದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದನು. ಪಾಠವೆಂದರೆ ಭಾಷಣವಲ್ಲ, ಅಭ್ಯಾಸ. ಕೆಲವರು ಗೂಂಡಾಗಳ ಪಾತ್ರ ವಹಿಸಿ ಬೈಯುವರು, ತಳ್ಳುವರು. ಉಳಿದವರು ಕೈಯೆತ್ತದೆ, ಬೆನ್ನು ಬಾಗಿಸದೆ ಕುಳಿತಿರುವುದನ್ನು ಕಲಿಯುವರು. ಏಟು ತಿಂದೂ ಎದ್ದುಹೋಗದಿರುವುದಕ್ಕೆ ಎಷ್ಟು ತಾಲೀಮು ಬೇಕೆಂಬುದು ಇದರಿಂದ ತಿಳಿಯುತ್ತದೆ.

ಕಿಂಗ್ ಅವರು ೧೯೫೯ರ ಫೆಬ್ರವರಿಯಲ್ಲಿ ಪತ್ನಿ ಕೊರೆಟಾರೊಡನೆ ಭಾರತಕ್ಕೆ ಬಂದರು. ಸುಮಾರು ಒಂದು ತಿಂಗಳ ಆ ಪ್ರವಾಸದಲ್ಲಿ ಬೆಂಗಳೂರನ್ನೂ ನೋಡಿದರು. ಮುಂಬಯಿಯಲ್ಲಿ ಗಾಮದೇವಿಯ ಲ್ಯಾಬರ್ನಮ್ ರಸ್ತೆಯ ಮಣಿಭವನದಲ್ಲಿ ತಂಗಿದರು. ೧೯೧೭ರಿಂದ ೧೯೩೪ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ಇಳಿಯುತ್ತಿದ್ದ ಮನೆಯದು. ಇಂದಿಗೂ ಯಾರು ಬೇಕಾದರೂ ಹೋಗಿ ನೋಡಬಹುದು. ಆದರೆ ಕಿಂಗ್ ಅವರು ಇಲ್ಲಿಂದ ಒಯ್ದುದು ಭಕ್ತಿಯನ್ನಷ್ಟೇ ಅಲ್ಲ. ಮುಂಬಯಿಯ ಪಾದಚಾರಿ ಕಟ್ಟೆಗಳ ಮೇಲೆ ರಾತ್ರಿ ಮಲಗುವ ಲಕ್ಷಾಂತರ ಜನರ ನೋಟ ಅವರನ್ನು ಬಿಡಲಿಲ್ಲ. ಮುಂದೆ ಎಷ್ಟೋ ಭಾಷಣಗಳಲ್ಲಿ ಅದನ್ನು ನೆನೆದರು. ಕೇರಳದ ಒಂದು ಶಾಲೆಯಲ್ಲಿ, ಹರಿಜನ ಮಕ್ಕಳ ಮುಂದೆ, ಮುಖ್ಯೋಪಾಧ್ಯಾಯರು ಅವರನ್ನು ಅಮೇರಿಕದಿಂದ ಬಂದ ಅಸ್ಪೃಶ್ಯ ಬಂಧುವೆಂದೇ ಪರಿಚಯಿಸಿದರಂತೆ. ಮೊದಲು ಕಿಂಗ್ ಅವರಿಗೆ ಸಿಟ್ಟು ಬಂದಿತು. ಸ್ವಲ್ಪ ಯೋಚಿಸಿದ ಮೇಲೆ, ಹೌದು, ನಾನು ಅಸ್ಪೃಶ್ಯನೇ, ನನ್ನ ದೇಶದ ಕಪ್ಪು ಜನರೆಲ್ಲ ಅಸ್ಪೃಶ್ಯರೇ ಎಂದು ತಮಗೆ ತಾವೇ ಹೇಳಿಕೊಂಡರು. ೧೯೬೫ರಲ್ಲಿ ತಮ್ಮ ಚರ್ಚಿನ ಪ್ರವಚನದಲ್ಲಿ ಅವರೇ ಇದನ್ನು ತಿಳಿಸಿದ್ದಾರೆ. ಪರದೇಶದ ಕನ್ನಡಿಯಲ್ಲಿ ತನ್ನ ಮುಖ ಕಂಡ ಬಗೆಯಿದು. ಅದೇ ಕನ್ನಡಿಯಲ್ಲಿ ನಾವೂ ನೋಡಿಕೊಳ್ಳಬೇಕಾಗಿದೆ.

ಗ್ರೀನ್ಸ್‌ಬರೋದ ಕಾಫಿ ಏನಾಯಿತೆಂದು ಓದುಗರು ಕೇಳಬಹುದು. ಕೂರುವ ಸತ್ಯಾಗ್ರಹ ಎರಡು ತಿಂಗಳೊಳಗೆ ಐವತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಹುಡುಗರ ತಲೆಯ ಮೇಲೆ ಸಕ್ಕರೆ, ಸಾಸು ಸುರಿದವರುಂಟು. ಉರಿಯುವ ಸಿಗರೇಟು ಒತ್ತಿದವರೂ ಉಂಟು. ಅಂಗಡಿಯ ವ್ಯಾಪಾರ ಕುಸಿಯಿತು. ೧೯೬೦ರ ಜುಲೈ ೨೫ರಂದು ಕೌಂಟರು ಎಲ್ಲರಿಗೂ ತೆರೆಯಿತು. ಅಂದು ಅಲ್ಲಿ ಮೊದಲು ಕುಳಿತು ಊಟ ಮಾಡಿದ ಕಪ್ಪು ಜನ ಯಾರು ಬಲ್ಲಿರಾ? ಅದೇ ಅಂಗಡಿಯ ಕೆಲಸದವರು! ಇತರರಿಗೆ ಬಡಿಸುತ್ತಿದ್ದ ತಟ್ಟೆಯ ಮುಂದೆ ತಾವು ಕೂರುವ ಹಕ್ಕು ಅಂದಿನವರೆಗೆ ಅವರಿಗಿರಲಿಲ್ಲ. ಹೋಟೆಲಿನ ಅಡಿಗೆಮನೆಯಲ್ಲಿ ಬೆವರು ಸುರಿಸಿದ ನಮ್ಮವರಿಗೆ ಈ ಸಂಗತಿ ವಿಶೇಷವಾಗಿ ನಾಟಬೇಕು.

ನಾಲ್ಕು ವರ್ಷಗಳ ತರುವಾಯ ಅಂಥದೇ ಬಾಗಿಲಿನ ಮುಂದೆ ಒಬ್ಬ ಭಾರತೀಯ ನಿಂತರು. ಅವರು ಡಾಕ್ಟರ್ ರಾಮಮನೋಹರ ಲೋಹಿಯಾ. ಕನ್ನಡ ನಾಡಿಗೆ ಅವರು ಹೊಸಬರಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭತ್ತ ಅಳೆಯುವ ಕೊಳಗದ ಅನ್ಯಾಯದಿಂದ ಆರಂಭವಾದ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು. ಶಾಂತವೇರಿ ಗೋಪಾಲಗೌಡರಂಥವರಿಗೆ ದಾರಿ ತೋರಿದವರು. ಆ ವರ್ಷವೇ ಅಮೇರಿಕಕ್ಕೂ ಹೋಗಿ, ಅಲ್ಲಿನ ಕಪ್ಪು ಜನರಿಗೆ ಕಾಯಿದೆಭಂಗದ ಮಾರ್ಗವನ್ನು ಸೂಚಿಸಿದ್ದರು. ೧೯೬೪ರ ಮೇ ಕೊನೆಯ ವಾರದಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದ ಒಂದು ಊಟದ ಮನೆಯಲ್ಲಿ ಬಣ್ಣದ ಕಾರಣದಿಂದ ಅವರಿಗೆ ಪ್ರವೇಶ ಸಿಗಲಿಲ್ಲ. ಮರುದಿನ ಮುಂಚಿತವಾಗಿ ತಿಳಿಸಿ ಮತ್ತೆ ಹೋದರು. ಪೊಲೀಸರು ಹಿಡಿದು ವ್ಯಾನಿಗೆ ಹತ್ತಿಸಿದರು. ಅಮೇರಿಕ ಸರಕಾರ ಕ್ಷಮೆ ಕೇಳಲು ಮುಂದಾಯಿತು. ಕ್ಷಮೆಯನ್ನು ತನ್ನಲ್ಲಲ್ಲ, ಸ್ವಾತಂತ್ರ್ಯ ದೇವತೆಯ ಪ್ರತಿಮೆಯಲ್ಲಿ ಕೇಳಲಿ ಎಂಬರ್ಥದ ಉತ್ತರ ಲೋಹಿಯಾ ಅವರದು. ಕಮಲಾದೇವಿಯವರಂತೆ ಇವರೂ ಅತಿಥಿಯ ಮರ್ಯಾದೆಯನ್ನು ಬಯಸದೆ ಮನುಷ್ಯನ ಮರ್ಯಾದೆಯನ್ನು ಬಯಸಿದರು.

ಅದೇ ೧೯೬೪ರ ಜುಲೈ ೨ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಹೋಟೆಲು, ಊಟದ ಮನೆ, ಚಿತ್ರಮಂದಿರಗಳಲ್ಲಿ ಬಣ್ಣದ ಭೇದ ಕೂಡದೆಂದಾಯಿತು. ‘ಹೋಟೆಲು ನನ್ನದು, ಯಾರಿಗೆ ಬಡಿಸಬೇಕೆಂಬುದು ನನ್ನಿಷ್ಟ’ ಎಂಬ ವಾದ ಆಗಲೂ ಎದ್ದಿತು. ಬರ್ಮಿಂಗ್‌ಹ್ಯಾಮಿನ ಒಂದು ಮಾಂಸದೂಟದ ಹೋಟೆಲಿನವರು ಕೋರ್ಟಿಗೆ ಹೋದರು. ಅಲ್ಲಿ ಬಿಳಿಯರಿಗೆ ಒಳಗೆ ಮೇಜು. ಕಪ್ಪು ಜನರಿಗೆ ಪೊಟ್ಟಣ ಕಟ್ಟಿ ಕೊಡುವ ವ್ಯವಸ್ಥೆ. ಹೋಟೆಲಿನ ಮಾಂಸದಲ್ಲಿ ದೊಡ್ಡ ಪಾಲು ಹೊರಸಂಸ್ಥಾನಗಳಿಂದ ಬರುವುದರಿಂದ ಅದು ಅಂತರಸಂಸ್ಥಾನ ವಾಣಿಜ್ಯಕ್ಕೆ ಸೇರಿದುದು, ಆದುದರಿಂದ ಕಾಯಿದೆ ಅದಕ್ಕೂ ತಗಲುತ್ತದೆ ಎಂದು ೧೯೬೪ರ ಡಿಸೆಂಬರ್ ೧೪ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮನುಷ್ಯನ ಮಾನವನ್ನು ಉಳಿಸಲು ಮಾಂಸದ ಲೆಕ್ಕ ಹಿಡಿಯಬೇಕಾದುದು ವಿಚಿತ್ರವಾದರೂ ನಿಜ.

ನಮ್ಮಲ್ಲಿ ಹಾಗೆ ಸುತ್ತಿ ಬಳಸಬೇಕಾಗಿರಲಿಲ್ಲ. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರೆತ್ತಿಯೇ ಭೇದವನ್ನು ನಿಷೇಧಿಸಿತು; ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ೧೯೫೫ರಲ್ಲಿ ಅಸ್ಪೃಶ್ಯತಾ ಅಪರಾಧ ಕಾಯಿದೆ ಬಂದಿತು. ೧೯೭೬ರಲ್ಲಿ ಅದನ್ನು ಬಲಪಡಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದೇ ಹೆಸರಿಟ್ಟರು. ಇದರ ಹಿಂದಿನ ದೊಡ್ಡ ಶಕ್ತಿ ಡಾಕ್ಟರ್ ಅಂಬೇಡ್ಕರರು. ಮಾಟುಂಗಾಕ್ಕೆ ಹತ್ತಿರದ ದಾದರಿನ ಹಿಂದೂ ಕಾಲನಿಯಲ್ಲಿ ಅವರ ‘ರಾಜಗೃಹ’ ಇಂದಿಗೂ ಇದೆ. ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದವರು ಅವರು. ೧೯೨೭ರಲ್ಲಿ ಮಹಾಡಿನ ಚವದಾರ ಕೆರೆಯ ನೀರು ಕುಡಿದು ತೋರಿದವರು. ೧೯೪೬ರಲ್ಲಿ ಅಮೇರಿಕದ ಕಪ್ಪು ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಎರಡು ಜನಾಂಗಗಳ ಸ್ಥಿತಿಯ ಹೋಲಿಕೆಯನ್ನು ಮಾತನಾಡಿಕೊಂಡವರು.

ಹಾಗಾದರೆ ಕಾಯಿದೆಯಲ್ಲಿ ನಾವು ಅಮೇರಿಕಕ್ಕಿಂತ ಹದಿನಾಲ್ಕು ವರ್ಷ ಮುಂದಿದ್ದೆವು. ನಡೆಯಲ್ಲಿ? ಹಳೆಯ ಮೈಸೂರು ಸೀಮೆ, ಮದರಾಸು ಪ್ರಾಂತಗಳ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿದ್ದ ಕಾಲ ಹಿರಿಯರ ನೆನಪಿಗೆ ದೂರವಲ್ಲ. ಹಳ್ಳಿಯ ಚಹದಂಗಡಿಗಳಲ್ಲಿ ಎರಡು ಬಗೆಯ ಲೋಟಗಳ ಪದ್ಧತಿ ಕಾಯಿದೆಯಾದ ಮೇಲೂ ಬಹುಕಾಲ ನಡೆಯಿತು. ಮುಂಬಯಿ ಈ ವಿಷಯದಲ್ಲಿ ನಮಗೆ ದೊಡ್ಡ ಗುರು. ೧೯೪೨ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಮಾಟುಂಗಾ ಸ್ಟೇಷನ್ನಿನ ಬಳಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳಲ್ಲಿ ಗಿರಣಿಯವನು, ಗುಮಾಸ್ತ, ವಿದ್ಯಾರ್ಥಿ ಒಂದೇ ಸಾಲಿನಲ್ಲಿ ಕುಳಿತರು. ಗಲ್ಲಾಪೆಟ್ಟಿಗೆಗೆ ಬಿದ್ದ ನಾಣ್ಯವನ್ನು ಜಾತಿ ಕೇಳುವಷ್ಟು ಬಿಡುವು ಈ ಊರಿನಲ್ಲಿ ಯಾರಿಗಿತ್ತು? ಉಪದೇಶದಿಂದಾಗದ ಕೆಲಸವನ್ನು ಮಧ್ಯಾಹ್ನದ ಹಸಿವು, ಒಂದು ಗಂಟೆಯ ಬಿಡುವುಗಳು ಮಾಡಿಸಿದವು.

ಆದರೆ ಅದೇ ಮುಂಬಯಿ ನಮಗೆ ಮೇಜಿನ ಇನ್ನೊಂದು ಬದಿಯನ್ನೂ ತೋರಿಸಿತು. ೧೯೬೬ರ ಬೇಸಗೆಯಲ್ಲಿ ಕಿಂಗ್ ಅವರು ಉತ್ತರದ ಶಿಕಾಗೋ ನಗರಕ್ಕೆ ಹೋಗಿ, ಕಪ್ಪು ಜನರಿಗೆ ಬಾಡಿಗೆಗೆ ಮನೆ ಕೊಡದ ಬಡಾವಣೆಗಳಲ್ಲಿ ಮೆರವಣಿಗೆ ನಡೆಸಿದರು; ಆಗಸ್ಟ್ ೫ರಂದು ಕಲ್ಲೇಟು ತಿಂದರು. ಆ ವರ್ಷವೇ ಜೂನ್ ೧೯ರಂದು ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು. ಮರಾಠಿ ತರುಣರ ನಿರುದ್ಯೋಗ ನಿಜವಾದ ಸಂಕಟವಾಗಿತ್ತು; ಆದರೆ ಅದರ ಸಿಟ್ಟು ದಕ್ಷಿಣದವರ ಮೇಲೆ ತಿರುಗಿತು. ಕಚೇರಿಗಳಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿ ‘ಮಾರ್ಮಿಕ’ದಲ್ಲಿ ಅಚ್ಚಾಗುತ್ತಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ೧೯೬೯ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ಪ್ರಶ್ನೆಯ ಚಳವಳಿ ದಿನಗಟ್ಟಲೆ ಗಲಭೆಯಾಗಿ, ಹತ್ತಾರು ಜನ ಪ್ರಾಣ ಕಳೆದುಕೊಂಡರು. ನಮ್ಮವರ ಅಂಗಡಿಗಳು ಉರಿದವು. ಲುಂಗಿ, ಮಾತಿನ ಧಾಟಿ, ಬೋರ್ಡಿನ ಅಕ್ಷರಗಳೇ ಅಪರಾಧವಾದ ದಿನಗಳವು. ಚರ್ಮದ ಬಣ್ಣಕ್ಕಾಗಿ ದೂಷಿತನಾಗುವವನ ನೋವಿನ ಒಂದು ಹನಿಯನ್ನು ಆಗ ನಾವೂ ಕುಡಿದೆವು.

ಒಂದು ಹನಿ ಎಂದೆವು, ಅದಕ್ಕೆ ಕಾರಣವಿದೆ. ನಮಗೆ ಹಿಂದಿರುಗಿ ಹೋಗಲು ಊರಿತ್ತು, ಊರಿನಲ್ಲಿ ಮಾನವಿತ್ತು. ಊರಿನಲ್ಲಿಯೇ ಮಾನವಿಲ್ಲದವರ ಪಾಡು ಬೇರೆ. ೧೯೬೮ರ ಏಪ್ರಿಲ್ ೪ರಂದು ಕಿಂಗ್ ಅವರು ಗುಂಡಿಗೆ ಬಲಿಯಾದಾಗ ಅಮೇರಿಕದ ನೂರಕ್ಕೂ ಹೆಚ್ಚು ನಗರಗಳು ಹೊತ್ತಿ ಉರಿದವು. ಶಾಂತಿಯ ದಾರಿಯಲ್ಲಿ ತಾಳ್ಮೆ ಕಳೆದುಕೊಂಡ ಕೆಲವು ತರುಣರು ೧೯೬೬ರಲ್ಲಿಯೇ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ್ದರು. ಆ ಹೆಸರಿನ ಸ್ಫೂರ್ತಿಯಿಂದ ೧೯೭೨ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ. ವಿ. ಪವಾರ್, ರಾಜಾ ಢಾಲೆ ಮೊದಲಾದ ತರುಣ ಲೇಖಕರು ದಲಿತ ಪ್ಯಾಂಥರ್ಸ್ ಸಂಘಟನೆ ಆರಂಭಿಸಿದರು. ೧೯೭೪ರ ಜನವರಿಯಲ್ಲಿ ವರಳಿಯ ಬಿ.ಡಿ.ಡಿ. ಚಾಳುಗಳಲ್ಲಿ ರಕ್ತ ಹರಿಯಿತು. ಕರ್ನಾಟಕದಲ್ಲಿಯೂ ಆಗಲೇ ಗಾಳಿ ಎದ್ದಿತ್ತು. ೧೯೭೩ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸವೇ ಹೆಚ್ಚೆಂಬರ್ಥದ ಮಾತಾಡಿದುದಕ್ಕೆ ಊರೂರಲ್ಲಿ ಗಲಾಟೆಯಾಗಿ ಅವರು ಪದವಿ ಬಿಡಬೇಕಾಯಿತು. ಆ ಏಟಿನಿಂದ ಎಚ್ಚತ್ತ ತರುಣರು ಪ್ರೊಫೆಸರ್ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಸಿದ್ಧಲಿಂಗಯ್ಯ, ದೇವನೂರ ಮಹಾದೇವರಂಥ ಲೇಖಕರು ಕನ್ನಡಕ್ಕೆ ದೊರೆತುದು ಆ ಕಾಲದಿಂದಲೇ.

ಆ ಹೋರಾಟದಿಂದ ನಮಗೆ ನೇರವಾಗಿ ದೊರೆತ ಇನ್ನೊಂದು ಲಾಭವನ್ನು ಮರೆಯಲಾಗದು. ೧೯೪೬ರ ಕಾಯಿದೆಯಂತೆ ಭಾರತದಿಂದ ಅಮೇರಿಕಕ್ಕೆ ನೆಲಸಲು ಹೋಗಬಹುದಾಗಿದ್ದವರು ವರ್ಷಕ್ಕೆ ನೂರು ಜನ ಮಾತ್ರ. ಬಣ್ಣದ ಭೇದ ಮನೆಯೊಳಗೆ ತಪ್ಪಾದರೆ ಬಾಗಿಲಲ್ಲಿ ಹೇಗೆ ಸರಿ ಎಂಬ ಪ್ರಶ್ನೆ ಎದ್ದು, ೧೯೬೫ರ ಅಕ್ಟೋಬರ್ ೩ರಂದು ವಲಸೆಯ ಹೊಸ ಕಾಯಿದೆ ಬಂದಿತು. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ನ್ಯೂಜೆರ್ಸಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಸುಖವಾಗಿದ್ದಾರೆ. ಮೊಮ್ಮಕ್ಕಳು ಎಲ್ಲರೊಡನೆ ಒಂದೇ ಶಾಲೆಗೆ ಹೋಗುತ್ತಾರೆ. ಆ ಬಾಗಿಲನ್ನು ತೆರೆಸಿದವರಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ನೀರಿನ ಕೊಳವೆಯ ಏಟು ತಿಂದ ಕಪ್ಪು ಮಕ್ಕಳೂ ಇದ್ದರೆಂಬುದನ್ನು ಆ ಮೊಮ್ಮಕ್ಕಳಿಗೆ ನಾವು ಹೇಳಬೇಡವೇ?

ಹೋಟೆಲಿನ ಬಾಗಿಲು ತೆರೆಯಿತು. ಇನ್ನು ಉಳಿದುದು ಮನೆಯ ಬಾಗಿಲು. ಅಮೇರಿಕದಲ್ಲಿ ಕಿಂಗ್ ಅವರ ಮರಣದ ಒಂದೇ ವಾರದಲ್ಲಿ, ೧೯೬೮ರ ಏಪ್ರಿಲ್ ೧೧ರಂದು, ಮನೆಯ ಮಾರಾಟ ಹಾಗೂ ಬಾಡಿಗೆಗಳಲ್ಲಿ ಭೇದವನ್ನು ನಿಷೇಧಿಸುವ ಕಾಯಿದೆಯಾಯಿತು. ನಮ್ಮ ಸಂವಿಧಾನದ ೧೫ನೆಯ ವಿಧಿಯ ಪಟ್ಟಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರಿದ್ದರೂ ಖಾಸಗಿ ಬಾಡಿಗೆಮನೆಯ ಹೆಸರಿಲ್ಲ. ಒಂದು ಪಾರ್ಸಿ ಗೃಹನಿರ್ಮಾಣ ಸಹಕಾರಿ ಸಂಘವು ತನ್ನ ಸದಸ್ಯತ್ವವನ್ನು ತನ್ನವರಿಗೇ ಮೀಸಲಿಡಬಹುದೆಂದು ೨೦೦೫ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಂಬಯಿಯಲ್ಲಿ ಮನೆ ಹುಡುಕಿದವರಿಗೆಲ್ಲ ತಿಳಿದ ಮಾತಿದು: ದಲಾಲಿ ಮೊದಲು ಹೆಸರು ಕೇಳುತ್ತಾನೆ, ಆಮೇಲೆ ಅಡ್ಡಹೆಸರು, ಕಡೆಗೆ ಏನು ತಿನ್ನುತ್ತೀರಿ ಎಂಬ ಪ್ರಶ್ನೆ. ಒಂದು ಕಾಲಕ್ಕೆ ‘ಮದ್ರಾಸಿಗಳಿಗೆ ಮನೆಯಿಲ್ಲ’ ಎನ್ನಿಸಿಕೊಂಡ ನಮ್ಮಲ್ಲಿ ಇಂದು ಎಷ್ಟೋ ಜನ ಫ್ಲಾಟುಗಳ ಒಡೆಯರು, ಸೊಸೈಟಿಗಳ ಕಾರ್ಯದರ್ಶಿಗಳು. ಬಾಗಿಲಿನ ಹೊರಗೆ ನಿಂತಿದ್ದವರ ಕೈಗೆ ಬೀಗದ ಕೈ ಬಂದಿದೆ.

ಕಾಯಿದೆ ಹೋಟೆಲಿನವರೆಗೆ ಬಂದು ನಿಂತಿತು. ಅದರಿಂದ ಮುಂದಿನ ಮೆಟ್ಟಿಲು ನಮ್ಮ ಮನಸ್ಸಿನದು. ಖಾಲಿ ಮನೆ ನೋಡಲು ಬಂದ ಹುಡುಗನ ಅಡ್ಡಹೆಸರು ಕೇಳುವ ಮೊದಲು, ಮನೆಗೆಲಸದ ಹೆಂಗಸಿಗೆ ಬೇರೆ ಲೋಟ ತೆಗೆದಿಡುವ ಮೊದಲು, ಅಂತರ್ಜಾತಿಯ ಸೊಸೆಯನ್ನು ಹಬ್ಬದ ಪಂಕ್ತಿಯಲ್ಲಿ ಎಲ್ಲಿ ಕೂರಿಸುವುದೆಂದು ಯೋಚಿಸುವ ಮೊದಲು, ಲೂಯಿಸಿಯಾನಾದ ರೈಲಿನಲ್ಲಿ ಏಳದೆ ಕುಳಿತ ಆ ಮಂಗಳೂರಿನ ಹೆಣ್ಣುಮಗಳನ್ನು ಒಮ್ಮೆ ನೆನೆಯೋಣ. ತನಗಾಗಿ ಮಾತ್ರ ಸೀಟು ಕೇಳಲು ಆಕೆ ಒಪ್ಪಲಿಲ್ಲ. ಈ ಮಹಾನಗರದಲ್ಲಿ ನಮಗೆ ಸೀಟು ಬೇಕಾದರೆ, ಪಕ್ಕದಲ್ಲಿ ಇನ್ನೊಬ್ಬರಿಗೂ ಸರಿದು ಜಾಗ ಕೊಡುವುದನ್ನು ನಾವು ಕಲಿತಿರಬೇಕು.